‘ಮರೆತುಬಿಡು’ ಎನ್ನುವ ಮುನ್ನ

ನಮ್ಮ ಕಡೆ ಸಾವಿನ ಮನೆಗೆ ಹೋದವರು, ಗಂಡನ ಮನೆಯಲ್ಲಿ ನೊಂದು ತವರಿಗೆ ಮರಳಿದ ಮಗಳನ್ನು ಸಂತೈಸುವವರು ಕೊನೆಗೆ ಹೇಳುವುದು ಒಂದೇ ಮಾತು: "ಆದದ್ದಾಯಿತು, ಮರೆತುಬಿಡಮ್ಮ." ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ನಿಜ. ಆದರೆ ಕೆಟ್ಟ ನೆನಪನ್ನು ಹಟ ಹಿಡಿದು ಹೊರದಬ್ಬುವುದು ಯಾರ ಕೈಯಲ್ಲೂ ಆಗದ ಕೆಲಸ. ಆಗದೇ ಹೋದಾಗ ನೊಂದವರು ತಮ್ಮ ಮನಸ್ಸೇ ಗಟ್ಟಿಯಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಯೋಚಿಸಲು ಬಿಟ್ಟಾಗ, ಮೊದಲಿನಿಂದಲೇ ಯೋಚಿಸಲು ಅವಕಾಶವಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ಕರಡಿಯ ಗತಿಯೇ ಹೀಗಾದರೆ, ಕಣ್ಣೆದುರು ನಡೆದ ಸಾವಿನ ಗತಿ ಏನು?

ಕೋಲಾರದಲ್ಲಿರುವ ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಇದನ್ನು ಹತ್ತಿರದಿಂದ ಕಂಡೆ. ನರಸಾಪುರದ ಬಳಿ ಹೆದ್ದಾರಿಯಲ್ಲಿ ಲಾರಿ ತಗುಲಿ ಚಿಕ್ಕಪ್ಪ ತೀರಿಕೊಂಡಾಗ ಅವರ ಸ್ಕೂಟರಿನ ಹಿಂದೆ ಕೂತಿದ್ದವರು ಚಿಕ್ಕಮ್ಮ. ಮನೆಯವರು ಚಿಕ್ಕಪ್ಪನ ಫೋಟೊವನ್ನು ಬೀರುವಿನೊಳಗಿಟ್ಟರು, ಅವರ ಮಾತು ಬಂದರೆ ಬೇರೆ ಕಡೆಗೆ ತಿರುಗಿಸಿದರು, ಬೆಂಗಳೂರಿಗೆ ಹೋಗಬೇಕಾದಾಗ ಬಸ್ಸು ಬೇಡವೆಂದು ಬಂಗಾರಪೇಟೆಗೆ ಕರೆದೊಯ್ದು ರೈಲು ಹತ್ತಿಸಿದರು. ಎಲ್ಲವೂ ಪ್ರೀತಿಯಿಂದಲೇ. ಆದರೆ ದಾರಿ ತಪ್ಪಿಸಿದಷ್ಟೂ ಭಯ ಬೆಳೆಯಿತು; ಕೊನೆಗೆ ಬೀದಿಯಲ್ಲಿ ಯಾರೋ ಬ್ರೇಕ್ ಹಾಕಿದ ಸದ್ದಿಗೂ ಅವರ ಕೈಕಾಲು ತಣ್ಣಗಾಗುತ್ತಿದ್ದವು.

ದಾರಿ ತೋರಿಸಿದವರು ಸರ್ಕಾರಿ ಆಸ್ಪತ್ರೆಯ ಒಬ್ಬ ಮನೋವೈದ್ಯೆ. ಮರೆಯಿರಿ ಎನ್ನಲಿಲ್ಲ. ಆ ದಿನ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಎಷ್ಟೋ ಭೇಟಿಗಳಲ್ಲಿ, ಮತ್ತೆ ಮತ್ತೆ ಹೇಳಿಸಿದರು. ಜೊತೆಗೆ ಸಣ್ಣ ಸಣ್ಣ ಕೆಲಸ ಕೊಟ್ಟರು: ಬಸ್ ನಿಲ್ದಾಣದಲ್ಲಿ ನಿಂತು ಬೆಂಗಳೂರಿನ ಬಸ್ಸುಗಳನ್ನು ನೋಡುವುದು, ನರಸಾಪುರಕ್ಕಿಂತ ಮುಂಚೆಯೇ ಇಳಿದು ಹಿಂತಿರುಗುವುದು, ಕೊನೆಗೆ ಅಲ್ಲೇ ಇಳಿಯುವುದು. ಅಲ್ಲಿ ಇಳಿದ ದಿನ ನಾನು ಜೊತೆಗಿದ್ದೆ. ನನ್ನ ಬಳೆ ಚರ್ಮಕ್ಕೊತ್ತಿ ಗುರುತು ಬೀಳುವಷ್ಟು ಬಿಗಿಯಾಗಿ ಚಿಕ್ಕಮ್ಮ ನನ್ನ ಕೈ ಹಿಡಿದಿದ್ದರು. ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಬಹಳ ಹೊತ್ತಾದ ಮೇಲೆ ಉಸಿರಾಟ ತಹಬದಿಗೆ ಬಂತು. "ಅವತ್ತು ದಾರಿಯುದ್ದಕ್ಕೂ ನಿಮ್ಮ ಚಿಕ್ಕಪ್ಪ ಹಾಡ್ಕೊಂಡು ಬರ್ತಿದ್ರು ಕಣಮ್ಮ" ಎಂದರು. ಅಷ್ಟು ವರ್ಷ ಯಾರ ಬಳಿಯೂ ಆಡದ ಮಾತದು. ಸಾವಿನ ನೆನಪಿಗೆ ಬೀಗ ಹಾಕುವಾಗ ನಾವು ಆ ಹಾಡನ್ನೂ ಒಳಗೇ ಕೂಡಿಹಾಕಿದ್ದೆವು.

ನೆನಪು ಹೀಗೆ ಸಡಿಲವಾಗುವುದೇಕೆ? ಭಯ ಹುಟ್ಟಿಸಿದ ಜಾಗದಲ್ಲಿ ನಿಂತರೂ ಏನೂ ಆಗುವುದಿಲ್ಲವೆಂಬುದನ್ನು ಮಿದುಳು ಹೊಸದಾಗಿ ಕಲಿಯುತ್ತದೆ. ಹಳೆಯದು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಈ ಕಲಿಕೆ ಬಂದು ಕೂರುತ್ತದೆ. ನರವಿಜ್ಞಾನಿ ಕರೀಂ ನಾದರ್ ಮತ್ತು ಸಂಗಡಿಗರು 2000ದಲ್ಲಿ ಇಲಿಗಳ ಮೇಲೆ ನಡೆಸಿದ ಸಂಶೋಧನೆ ಇನ್ನೊಂದು ಸಂಗತಿಯನ್ನು ತೋರಿಸಿತು: ಮರಳಿ ಕೆದಕಿದ ಭಯದ ನೆನಪು ಸ್ವಲ್ಪ ಕಾಲ ಅಸ್ಥಿರವಾಗಿದ್ದು, ಮತ್ತೆ ಗಟ್ಟಿಯಾಗಬೇಕಾಗುತ್ತದೆ.

ಹಾಗೆಂದು ದುರಂತ ನಡೆದ ಮರುದಿನವೇ "ಏನಾಯಿತು ಹೇಳು" ಎಂದು ಯಾರನ್ನೂ ಪೀಡಿಸಬಾರದು. ಬಲವಂತವಾಗಿ ಹೇಳಿಸುವುದರಿಂದ ಒಳಿತಾಗುವುದಿಲ್ಲ. ಅವರಾಗಿಯೇ ಬಾಯಿಬಿಟ್ಟಾಗ ಮಾತು ಮರೆಸದೆ ಕೂತು ಕೇಳಿಸಿಕೊಳ್ಳುವುದಷ್ಟೇ ನೆಂಟರಿಷ್ಟರ ಕೆಲಸ. ನಿದ್ದೆ ಬಾರದೆ, ಅದೇ ದೃಶ್ಯ ತಿಂಗಳುಗಟ್ಟಲೆ ಮರುಕಳಿಸುತ್ತಿದ್ದರೆ ಅದನ್ನು ತಿಳಿದವರ ಬಳಿ ತೋರಿಸಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಕರೆ ಉಚಿತ, ರಾತ್ರಿಯೂ ಎತ್ತಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.