ಕಾಕೂ ಅದನ್ನು ಮರಾಠಿ ಸಿನಿಮಾ ಎಂದರು

ಕಳೆದ ಭಾನುವಾರ ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನ ಮನೆಯಲ್ಲಿ ಊಟ ಮುಗಿಸಿ ಕುಂದಾ ತಿನ್ನುತ್ತ ಕುಳಿತಿದ್ದಾಗ ಮಾತು ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಚಿತ್ರದ ಕಡೆಗೆ ಹೊರಳಿತು. ಮುಂಬಯಿಯ ಆಸ್ಪತ್ರೆಯೊಂದರ ಮಲಯಾಳಿ ನರ್ಸ್‌ಗಳ ಕಥೆ ಅದು. "ಅದನ್ನು ನಮ್ಮ ಸಿನಿಮಾ ಅನ್ನಬೇಡ. ದುಡ್ಡು ಹೊರಗಿನದು, ಪ್ರಶಸ್ತಿ ಕೊಟ್ಟವರು ಹೊರಗಿನವರು. ಅದರಲ್ಲಿ ನಮ್ಮದೇನಿದೆ?" ಎಂದ ಗೆಳೆಯ. ಸಿನಿಮಾ ಗೊತ್ತಿಲ್ಲದವನ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇವನು ಕಾಲೇಜಿನ ದಿನಗಳಿಂದ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಚಿತ್ರ ನೋಡಿದವನು. ಅವತ್ತು ನನಗೆ ಸಿಟ್ಟು ಬಂತೇ ಹೊರತು ಉತ್ತರ ಬರಲಿಲ್ಲ. ಒಂದು ವಾರದಿಂದ ಅದೇ ತಲೆಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ.

2024ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಅಲ್ಲಿಯ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಬಂತು. ಅಲ್ಲಿಯ ಮುಖ್ಯ ಸ್ಪರ್ಧೆಗೆ ಭಾರತದ ಚಿತ್ರವೊಂದು ಹೋಗಿದ್ದೇ 30 ವರ್ಷಗಳ ಮೇಲೆ. ಹಿಂದಿನದು 1994ರಲ್ಲಿ ಶಾಜಿ ಕರುಣ್ ಅವರ 'ಸ್ವಹಂ'. ಈ ಪ್ರಶಸ್ತಿ ಬಂದಾಗ ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು. ಸೆಪ್ಟೆಂಬರಿನಲ್ಲಿ ಆಸ್ಕರ್‌ಗೆ ಭಾರತದ ಚಿತ್ರ ಆರಿಸುವ ಹೊತ್ತಿಗೆ, 'ಇದು ಭಾರತದಲ್ಲಿ ನಡೆಯುವ ಯುರೋಪಿನ ಚಿತ್ರ' ಎಂಬ ಅಭಿಪ್ರಾಯ ಆಯ್ಕೆ ಸಮಿತಿಯಲ್ಲಿತ್ತು ಎಂದು ಫಿಲ್ಮ್ ಫೆಡರೇಷನ್ನಿನ ಅಧ್ಯಕ್ಷರೇ ಹೇಳಿದರು. ಹೋದದ್ದು 'ಲಾಪತಾ ಲೇಡೀಸ್'. ಅದು ಒಳ್ಳೆಯ ಚಿತ್ರ, ಹೋದದ್ದಕ್ಕೆ ನನ್ನ ತಕರಾರಿಲ್ಲ. ಕೊಟ್ಟ ಕಾರಣ ನೋಯಿಸಿತು. ನಾಲ್ಕು ತಿಂಗಳ ಹಿಂದೆ ನಮ್ಮ ಮಗಳಾಗಿದ್ದವಳು ಪರರ ಮನೆಯವಳಾದಳೇ? ಎರಡೂ ಚಿತ್ರಗಳಲ್ಲಿ ಛಾಯಾ ಕದಂ ಇದ್ದಾರೆ. ಒಂದರಲ್ಲಿ ರೈಲು ನಿಲ್ದಾಣದಲ್ಲಿ ಚಹಾದಂಗಡಿ ನಡೆಸುತ್ತಾರೆ, ಇನ್ನೊಂದರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಾರೆ. ಅದೇ ಹೆಂಗಸು ಅಲ್ಲಿ ಭಾರತದವಳು, ಇಲ್ಲಿ ಯುರೋಪಿನವಳು ಹೇಗಾದಾಳು?

ನಿರ್ಮಾಣದಲ್ಲಿ ಪಾಲಿದ್ದ ಫ್ರಾನ್ಸಿನವರೂ ಆಸ್ಕರ್‌ಗೆ ಕಳಿಸಲು ಈ ಚಿತ್ರವನ್ನು ತಮ್ಮ ಕಿರುಪಟ್ಟಿಯಲ್ಲಿ ಇಟ್ಟಿದ್ದರು. ಕೊನೆಗೆ ಕಳಿಸಿದ್ದು 'ಎಮಿಲಿಯಾ ಪೆರೆಜ್', ಮೆಕ್ಸಿಕೋದ ಕಥೆಯುಳ್ಳ ಸ್ಪ್ಯಾನಿಷ್ ಚಿತ್ರ. ಅದೇ ವರ್ಷ ಬ್ರಿಟನ್ ಕಳಿಸಿದ 'ಸಂತೋಷ್' ಹಿಂದಿಯದು, ಉತ್ತರ ಭಾರತದ ಮಹಿಳಾ ಪೊಲೀಸ್ ಪೇದೆಯ ಕಥೆ. ಅದಕ್ಕೆ ನಮ್ಮ ಸೆನ್ಸಾರ್ ಮಂಡಳಿಯ ಒಪ್ಪಿಗೆಯೇ ಸಿಗಲಿಲ್ಲ. ಹಿಂದೆ, 2006ರಲ್ಲಿ, ದೀಪಾ ಮೆಹ್ತಾ ಅವರ 'ವಾಟರ್' ಕೆನಡಾದ ಪ್ರತಿನಿಧಿಯಾಗಿ ಹೋಯಿತು. ಕಾಶಿಯ ವಿಧವೆಯರ ಕಥೆ, ಹಿಂದಿ ಮಾತು. ಕಾಶಿಯಲ್ಲಿ ಹಾಕಿದ್ದ ಸೆಟ್ಟನ್ನು 2000ದಲ್ಲಿ ಧ್ವಂಸ ಮಾಡಿದ್ದರಿಂದ ಚಿತ್ರೀಕರಣ ನಡೆದದ್ದು ಶ್ರೀಲಂಕಾದಲ್ಲಿ. ನಾವೇ ಓಡಿಸಿದ ಮೇಲೆ ಅದು ಕೆನಡಾದ್ದಾಯಿತು ಎಂದು ಗೊಣಗುವ ಹಕ್ಕು ನಮಗಿದೆಯೇ?

'ಸ್ಲಂಡಾಗ್ ಮಿಲಿಯನೇರ್' ಬಂದಾಗಲೂ ಹೀಗೆಯೇ ಆಯಿತು. ಮುಂಬಯಿಯ ಕೊಳೆಗೇರಿ ತೆರೆಯ ಮೇಲೆ ಕಂಡಾಗ ಅದು ಬ್ರಿಟಿಷರ ಚಿತ್ರ. ರೆಹಮಾನ್, ಗುಲ್ಜಾರ್, ರಸೂಲ್ ಪೂಕುಟ್ಟಿ ಅವರಿಗೆ ಆಸ್ಕರ್ ಬಂದ ಬೆಳಿಗ್ಗೆ ಅದೇ ಚಿತ್ರ ನಮ್ಮದು. ಬಡತನ ಕಂಡರೆ ಅವರದು, ಪದಕ ಬಂದರೆ ನಮ್ಮದು ಎನ್ನುವ ಈ ಬುದ್ಧಿ ನನಗೆ ಸಹಿಸಲಾಗುವುದಿಲ್ಲ.

ಈಗ ನಮ್ಮ ಪಕ್ಕದ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಬಗ್ಗೆ ಹೇಳಬೇಕು. ಶಹಾಪುರದಲ್ಲಿ ನಮ್ಮೆರಡು ಮನೆಗಳಿಗೆ ನಡುವೆ ಒಂದೇ ಗೋಡೆ. ತವರು ರತ್ನಾಗಿರಿ ಕಡೆಯ ಹಳ್ಳಿ, ಮದುವೆಯಾಗಿ ಬೆಳಗಾವಿಗೆ ಬಂದು 40 ವರ್ಷ ದಾಟಿವೆ. ಚಿತ್ರ ಮೊಬೈಲ್, ಟಿವಿಗಳಿಗೆ ಬಂದಾಗ ಒಂದು ರಾತ್ರಿ ನಮ್ಮ ಮನೆಯಲ್ಲಿ ಜೊತೆಗೆ ಕುಳಿತು ನೋಡಿದರು. ಮಲಯಾಳಂ ನರ್ಸ್‌ಗಳ ಭಾಗ ಬಂದಾಗ ಸೋಸಲು ತಂದಿದ್ದ ಮೆಂತ್ಯ ಸೊಪ್ಪಿನ ಮೇಲೆಯೇ ಗಮನ. ಛಾಯಾ ಕದಂ ಮಾಡಿದ ಪಾರ್ವತಿ ಬಾಯಿ ತೆರೆದ ಕೂಡಲೇ ಕೈ ನಿಂತಿತು. ಪಾರ್ವತಿಯ ಗಂಡ ತೀರಿಕೊಂಡಿದ್ದಾನೆ, ಇಷ್ಟು ವರ್ಷ ಬಾಳಿದ ಮನೆ ತನ್ನದೆಂದು ತೋರಿಸಲು ಅವಳ ಬಳಿ ಒಂದು ಕಾಗದವೂ ಇಲ್ಲ, ಬಿಲ್ಡರ್ ಎಬ್ಬಿಸುತ್ತಿದ್ದಾನೆ. ಕಾಕೂ ಸೊಪ್ಪಿನ ಬುಟ್ಟಿಯನ್ನು ಬದಿಗೆ ಸರಿಸಿದರು. "ಕಾಗದ ಎಲ್ಲಿಟ್ಟಿದ್ದೀರಿ ಎಂದು ನಾವು ಯಾವತ್ತಾದರೂ ಗಂಡನನ್ನು ಕೇಳಿದ್ದೇವೆಯೇ?" ಎಂದರು, ಪಾರ್ವತಿಗೆ ಹೇಳಿದಂತೆ. ಅವರು ಅಡಿಬರಹದ ಒಂದಕ್ಷರವನ್ನೂ ಓದಲಿಲ್ಲ. ಮುಗಿದ ಮೇಲೆ, ಮಾತು ಬಹಳ ಕಡಿಮೆಯಾಯಿತು, ಬೆಳಕೂ ಸಾಲದು ಎಂದು ಎರಡು ತಪ್ಪು ಹಿಡಿದು ಎದ್ದರು. ಮರುದಿನ ಓಣಿಯ ಹೆಂಗಸರ ಮುಂದೆ ಅದನ್ನು "ಮರಾಠಿ ಸಿನಿಮಾ" ಎಂದೇ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ಚಿತ್ರದ ಬಹುಪಾಲು ಮಾತು ಮಲಯಾಳಂ, ನಿರ್ಮಾಣದಲ್ಲಿ ಫ್ರಾನ್ಸ್, ಭಾರತ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಲ್ಲ ಇವೆ. ಆದರೂ ಕಾಕೂ ಹೇಳಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಮನೆ ಇದ್ದೂ ಕಾಗದ ಇಲ್ಲದವಳ ಕಥೆಯನ್ನು ಹೇಳಿದ ಚಿತ್ರದ ಬಳಿಯೇ ಕಾಗದ ಕೇಳಿದೆವಲ್ಲ, ಅದೇ ನನ್ನನ್ನು ಕಾಡುವುದು.

ಬೆಳಗಾವಿಯವರಾದ ನಾವಂತೂ ಕಾಗದದ ಮಾತಿಗೆ ಇಷ್ಟು ಬೇಗ ತಲೆ ಆಡಿಸಬಾರದು. ನನ್ನ ಅಜ್ಜ ಮನೆ ಬದಲಿಸಿದವರಲ್ಲ. ಆದರೂ 1956ಕ್ಕೆ ಮೊದಲು ಮುಂಬಯಿ ರಾಜ್ಯದವರು, ಆಮೇಲೆ ಮೈಸೂರು ರಾಜ್ಯದವರು, 1973ರಿಂದ ಕರ್ನಾಟಕದವರು. ವಿಳಾಸ ಎರಡು ಸಲ ಬದಲಾಯಿತು. ಅವರು ಹಟ್ಟಿಯಲ್ಲಿ ಎಮ್ಮೆಯನ್ನು ಬೈಯುತ್ತಿದ್ದ ಕನ್ನಡ ಬದಲಾಗಲಿಲ್ಲ.

ಗೆಳೆಯನ ಲೆಕ್ಕ ಹಿಡಿದರೆ ಕನ್ನಡದ ಮೊದಲ ಮಾತಿನ ಚಿತ್ರವನ್ನೇ ನಾವು ಬಿಟ್ಟುಕೊಡಬೇಕಾಗುತ್ತದೆ. 1934ರ 'ಸತಿ ಸುಲೋಚನಾ' ತಯಾರಾದದ್ದು ಇಲ್ಲಿಂದ ನೂರು ಕಿಲೋಮೀಟರಿಗೆ ತುಸು ಆಚೆಯ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕ ವೈ.ವಿ. ರಾವ್ ತೆಲುಗಿನವರು. ಹಾಗೆಂದು ಅದನ್ನು ಮರಾಠಿಯದೆಂದೋ ತೆಲುಗಿನದೆಂದೋ ಯಾರಾದರೂ ಕರೆದರೇ? ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ತೆರೆಯ ಮೇಲೆ ಕನ್ನಡ ಮಾತಾಡಿದರು, ಕೇಳಿದವರು ನಮ್ಮದೆಂದರು, ಅಷ್ಟೇ. 1970ರ 'ಸಂಸ್ಕಾರ'ದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಆ ಅಗ್ರಹಾರದ ಬಿಸಿಲು ಆಸ್ಟ್ರೇಲಿಯಾದವರ ಕಣ್ಣಿನಿಂದ ಬಂದದ್ದು. ಅದಕ್ಕಿಂತ ಕನ್ನಡವಾದ ಚಿತ್ರವನ್ನು ನನ್ನ ಗೆಳೆಯನೇ ತೋರಿಸಲಿ.

ಹಣಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಕೊಟ್ಟವರಿಗೆ ಕೃತಜ್ಞರಾಗಿರಬೇಕು, ಅವರ ಹೆಸರು ಮೊದಲೇ ಬರಲಿ. ಆದರೆ ಸಾಲ ಕೊಟ್ಟವರು ಮನೆಗೆ ನೆಂಟರಾಗಬಹುದು, ಮನೆಯವರಾಗುವುದಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಅಂಕಪಟ್ಟಿಯೇ ಇದೆ: ಕಥೆ ನಡೆಯುವ ಜಾಗ, ಪಾತ್ರಗಳು, ಭಾಷೆ, ಕೆಲಸ ಮಾಡಿದವರು ಎಂದೆಲ್ಲ ಲೆಕ್ಕ ಹಾಕಿ 35ಕ್ಕೆ 18 ಬಂದರೆ ಅದು ಬ್ರಿಟಿಷ್ ಚಿತ್ರ. ತೆರಿಗೆಯ ಸವಲತ್ತು ಕೊಡಲು ಸರ್ಕಾರಕ್ಕೆ ಒಂದು ಅಳತೆ ಬೇಕು, ಒಪ್ಪುತ್ತೇನೆ. ನೋಡುಗರಾದ ನಮಗೂ ಅದೇ ಅಳತೆ ಯಾಕೆ?

ಯಾವ ಚಿತ್ರದಲ್ಲಿ ತಪ್ಪು ಹಿಡಿಯುವ ಅಧಿಕಾರ ಯಾರಿಗಿದೆಯೋ ಆ ಚಿತ್ರ ಅವರದು, ಇದು ನನ್ನ ಅಭಿಪ್ರಾಯ. 'ಎಮಿಲಿಯಾ ಪೆರೆಜ್' ಚಿತ್ರಕ್ಕೆ 13 ಆಸ್ಕರ್ ನಾಮನಿರ್ದೇಶನ ಬಂದವು. ಮೆಕ್ಸಿಕೋದ ಜನ ಮಾತ್ರ ತಿರುಗಿ ಬಿದ್ದರು: ನಟಿಯರ ಸ್ಪ್ಯಾನಿಷ್ ನಮ್ಮ ಕಿವಿಗೆ ಕೂರುವುದಿಲ್ಲ, ನಮ್ಮಲ್ಲಿ ಕಾಣೆಯಾದವರ ಸಂಕಟ ಹಾಡು ಕುಣಿತವಾಗಿದೆ ಎಂದು. ಪ್ಯಾರಿಸ್ಸಿನ ಬಳಿಯ ಸ್ಟುಡಿಯೋದಲ್ಲಿ ಕಟ್ಟಿದ ಮೆಕ್ಸಿಕೋದಲ್ಲಿ ಅವರಿಗೆ ತಮ್ಮ ಊರು ಕಾಣಲಿಲ್ಲ. ಬೇರೆ ಯಾರಿಗೂ ಆ ನೋವು ಆಗಲು ಸಾಧ್ಯವಿರಲಿಲ್ಲ. ಕಾಕೂಗೆ ಅಡಿಬರಹ ಬೇಕಾಗಲಿಲ್ಲ ಎನ್ನುವುದು ಇದರ ಇನ್ನೊಂದು ಮುಖ.

ಹಾಗಾದರೆ ಕೇರಳದ ನರ್ಸ್‌ಗೆ ಅದು ಮಲಯಾಳಂ ಚಿತ್ರ, ಕಾಕೂಗೆ ಮರಾಠಿ ಚಿತ್ರ, ಪ್ಯಾರಿಸ್ಸಿನ ಪ್ರೇಕ್ಷಕನಿಗೂ ಅದರಲ್ಲೊಂದು ಪಾಲು. ಇರಲಿ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬಳಸಿ ತರಕಾರಿ ಕೊಳ್ಳುವ ಊರಿನವರಿಗೆ ಇದು ಕಷ್ಟವಾಗಬಾರದು. ಯಾರಿಗೂ ಸೇರದ್ದು ಎಂದು ಹೊರಗಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾಳಿದ್ದು ಕಾಕೂ ಅವರ ತಂಗಿ ರತ್ನಾಗಿರಿಯಿಂದ ಬರುತ್ತಾರೆ. "ಆ ನಮ್ಮ ಪಾರ್ವತಿಯ ಸಿನಿಮಾ ಇನ್ನೊಮ್ಮೆ ಹಾಕು, ಅವಳೂ ನೋಡಲಿ" ಎಂದು ಆಗಲೇ ಹೇಳಿಟ್ಟಿದ್ದಾರೆ. ಗೆಳೆಯನಿಗೂ ಫೋನ್ ಮಾಡಿ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾನೆ. ಅಕ್ಕತಂಗಿಯರ ನಡುವೆ ಕೂರಿಸುತ್ತೇನೆ.