ನೋವಿಲ್ಲದ ಗಾಯವನ್ನೂ ತೋರಿಸಿ

ಲೋಹಕ್ಕೆ ಕ್ರೋಮ್ ಲೇಪ ಹಾಕಲು (ಪ್ಲೇಟಿಂಗ್) ಬಳಸುವ ಕ್ರೋಮಿಕ್ ಆಸಿಡ್ ಮೈಮೇಲೆ ಬಿದ್ದರೆ ಸುಡುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅದರ ಹಬೆಯ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು.

ನನ್ನ ಸೋದರಮಾವ ಮಂಗಳೂರಿನ ಬೈಕಂಪಾಡಿಯ ಒಂದು ಪ್ಲೇಟಿಂಗ್ ಶಾಪಿನಲ್ಲಿ 11 ವರ್ಷ ದುಡಿದವರು. ಕರೆಂಟ್ ಕೊಟ್ಟ ಕೂಡಲೇ ಆಸಿಡ್ಡಿನ ತೊಟ್ಟಿಯಲ್ಲಿ ಗುಳ್ಳೆ ಏಳುತ್ತದೆ. ಅದು ಒಡೆದಾಗ ಆಸಿಡ್ಡಿನ ಸಣ್ಣ ಹನಿಗಳು ಗಾಳಿಗೆ ಸೇರಿ ಸೀದಾ ಮೂಗಿಗೆ ಹೋಗುತ್ತವೆ. ಮಾವ ಮನೆಗೆ ಬಂದರೆ ಅಂಗಿಯ ತೋಳಿನಲ್ಲಿ ಹಳದಿ ಕಲೆ, ಮೂಗಿನಲ್ಲಿ ರಕ್ತದ ಹಕ್ಕಳೆ. ಶೀತ ಇರಬೇಕು ಎಂದು ಸುಮ್ನೆ ಬಿಟ್ಟೆವು. ಕೊನೆಗೆ ಡಾಕ್ಟರ್ ಟಾರ್ಚ್ ಹಾಕಿ ನೋಡಿದರೆ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು! ಬೆರಳ ಗಂಟಿನ ಹತ್ತಿರವೂ ಅಂಚು ದಪ್ಪಗಾದ ಗುಂಡಗಿನ ಕುಳಿ. ನೋವೇ ಇರಲಿಲ್ಲ. ಅದಕ್ಕೇ ಯಾರೂ ತೋರಿಸುವುದಿಲ್ಲ, ಅಲ್ವಾ?

ಇಂಥ ಕುಳಿಗೆ ಕ್ರೋಮ್ ಹುಣ್ಣು ಎನ್ನುತ್ತಾರೆ. ಅದನ್ನು 1948ರ ಕಾರ್ಖಾನೆ ಕಾಯ್ದೆಯಲ್ಲೇ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾರೆ. ಕ್ರೋಮಿಕ್ ಆಸಿಡ್ಡಿನಲ್ಲಿರುವ ಬಗೆಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1990ರಲ್ಲೇ ಹೇಳಿದೆ.

ನಮ್ಮ ಊರಿನ ಸೆಕೆಯಲ್ಲಿ ಇಡೀ ದಿನ ಗ್ಲೌಸ್, ಮಾಸ್ಕ್ ಹಾಕುವುದು ಕಷ್ಟ, ಗೊತ್ತು. ಹಾಗಾಗಿ ತೊಟ್ಟಿಯ ಅಂಚಿನಲ್ಲೇ ಹಬೆ ಎಳೆದುಕೊಳ್ಳುವ ಫ್ಯಾನ್ ಇರಲೇಬೇಕು. ಮಾವನ ಶಾಪಿನಲ್ಲಿ ಅದು ಕೆಟ್ಟು ತಿಂಗಳುಗಟ್ಟಲೆ ಆಗಿತ್ತು.