'ಮಾಜಿ ಸದಸ್ಯ' ಅಂದ್ರೆ ಸಾಕಾ?

ಜರ್ಮನ್ ಸಂಗೀತಗಾರ ಕೊನ್ರಾಡ್ ಶ್ನಿಟ್ಸ್ಲರ್ ಅವರ ಪ್ರಸ್ತಾಪವಿರುವ ಲೇಖನ ಓದಿದೆ. ಚೆನ್ನಾಗಿದೆ, ಆದರೆ ಅವರನ್ನು 'ಟ್ಯಾಂಜರೀನ್ ಡ್ರೀಮ್‌ನ ಮಾಜಿ ಸದಸ್ಯ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ. ಜರ್ಮನಿಯ ಆ ಎಲೆಕ್ಟ್ರಾನಿಕ್ ಸಂಗೀತ ತಂಡದಲ್ಲಿ ಅವರಿದ್ದದ್ದು 1970ರ ಮೊದಲ ಆಲ್ಬಮ್‌ಗೆ ಮಾತ್ರ. ಅದರಲ್ಲೂ ಅವರು ನುಡಿಸಿದ್ದು ಸಿಂಥಸೈಸರ್ ಅಲ್ಲ. ಚೆಲ್ಲೊ, ವಯೊಲಿನ್, ಜೊತೆಗೆ ಅಡಿಯೇಟರ್! ಅದು ಕೂಡುವ-ಕಳೆಯುವ ಲೆಕ್ಕ ಮಾಡುವ ಪುಟ್ಟ ಯಂತ್ರ. ಸಂಗೀತ ಕಲಿತವರು ಇಂಥದ್ದಕ್ಕೆ ಕೈ ಹಾಕುತ್ತಿದ್ದರಾ? ಅವರು ಡುಸೆಲ್ಡಾರ್ಫ್‌ನಲ್ಲಿ ಹೆಸರಾಂತ ಕಲಾವಿದ ಯೋಸೆಫ್ ಬಾಯ್ಸ್ ಬಳಿ ಶಿಲ್ಪ ಕಲಿತವರು. ಶಬ್ದವನ್ನೂ ಮಣ್ಣು, ಕಬ್ಬಿಣದ ಹಾಗೆಯೇ ನೋಡಿದರು ಅನ್ನೋದು ನನ್ನ ಅನಿಸಿಕೆ.

ಬರ್ಲಿನ್‌ನ ಝೋಡಿಯಾಕ್ ಎಂಬ ಪ್ರಯೋಗಶೀಲ ಸಂಗೀತದ ಕ್ಲಬ್ ಶುರು ಮಾಡಿದವರಲ್ಲಿ ಅವರೂ ಒಬ್ಬರು. ರೋಡೇಲಿಯುಸ್, ಮೋಬಿಯುಸ್ ಎಂಬ ಸಂಗೀತಗಾರರ ಜೊತೆ ಕ್ಲುಸ್ಟರ್ ಎಂಬ ತಂಡ ಕಟ್ಟಿದರು. ಶ್ನಿಟ್ಸ್ಲರ್ ತಂಡ ಬಿಟ್ಟ ಮೇಲೆ ಉಳಿದಿಬ್ಬರು ಹೆಸರಿನ ಮೊದಲ ಅಕ್ಷರವನ್ನು ಕೆ ಬದಲು ಸಿ ಮಾಡಿಕೊಂಡು ಮುಂದುವರಿದರು. ಜನಕ್ಕೆ ಜಾಸ್ತಿ ಗೊತ್ತಿರೋದು ಆ 'ಸಿ' ತಂಡವೇ.

'ಅವರ ಪ್ರಭಾವ ಸೀಮಿತ' ಎಂಬ ಲೇಖನದ ಮಾತಂತೂ ಒಪ್ಪಲಾರೆ. ನಾರ್ವೆಯ ಬ್ಲ್ಯಾಕ್ ಮೆಟಲ್ ತಂಡ ಮೇಹೆಮ್ 1987ರಲ್ಲಿ ತಂದ ರೆಕಾರ್ಡ್ ಶುರುವಾಗುವುದೇ ಶ್ನಿಟ್ಸ್ಲರ್ ಕೊಟ್ಟ ಡ್ರಮ್ ತುಣುಕಿನಿಂದ. ಆ ಅಬ್ಬರದ ಗಿಟಾರ್ ಹುಡುಗರಿಗೂ ಐವತ್ತು ವರ್ಷದ ಈ ಬರ್ಲಿನ್ ಮನುಷ್ಯನಿಗೂ ಎತ್ತಣಿಂದೆತ್ತ ಸಂಬಂಧ, ಅಲ್ವಾ? ಇನ್ನು ಅವರ ಕ್ಯಾಸೆಟ್ ಸಂಗೀತ ಕಚೇರಿಗಳ ಬಗ್ಗೆ ಲೇಖನದಲ್ಲಿ ಒಂದಕ್ಷರವೂ ಇಲ್ಲ. ಹಲವು ಕ್ಯಾಸೆಟ್‌ಗಳನ್ನು ಒಟ್ಟಿಗೆ ಓಡಿಸಿ, ಅಲ್ಲೇ ಬೆರೆಸಿ ಕೇಳಿಸುತ್ತಿದ್ದರು. ತಾವು ಹೋಗದೆ, ಟೇಪ್‌ಗಳನ್ನು ಬೇರೆಯವರ ಕೈಗೆ ಕೊಟ್ಟು ಕಚೇರಿ ನಡೆಸಿದ್ದೂ ಉಂಟು. ಲೇಖಕರು ಇದನ್ನಾದರೂ ಸೇರಿಸಬೇಕಿತ್ತು.